ಇಂಗ್ಲಿಷ್ ಸಾಹಿತ್ಯ: ಪಾಠಪಟ್ಟಿಯ ನಡುವೆ ಯಾರಿರಬೇಕು?

ಇಂಗ್ಲಿಷ್ ಸಾಹಿತ್ಯದ ಎಂ.ಎ. ತರಗತಿಗೆ ಸೇರುವ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವುದು ಪಠ್ಯಕ್ರಮದ ಪುಸ್ತಿಕೆ. ಛಾಸರ್‌ನಿಂದ ಮಿಲ್ಟನ್‌ವರೆಗೆ ಒಂದು ಪತ್ರಿಕೆ, ಷೇಕ್ಸ್‌ಪಿಯರ್‌ಗೆ ಒಂದು, ರಮ್ಯ ಕವಿಗಳಿಗೆ ಒಂದು, ವಿಮರ್ಶೆಗೆ ಒಂದು. ಕೊನೆಯಲ್ಲಿ ಭಾರತೀಯ ಇಂಗ್ಲಿಷ್ ಸಾಹಿತ್ಯವೋ ಆಫ್ರಿಕದ ಸಾಹಿತ್ಯವೋ ಐಚ್ಛಿಕವಾಗಿ ಇನ್ನೊಂದು. ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ನಡೆದುಬಂದ ಜೋಡಣೆ ಇದು. ವಿದ್ಯಾರ್ಥಿಗಳು ಅದನ್ನು ರೈಲಿನ ವೇಳಾಪಟ್ಟಿಯಂತೆ ಓದಿಕೊಳ್ಳುತ್ತಾರೆ. ಯಾವುದು ಯಾವಾಗ ಬರುತ್ತದೆ ಎಂದು ನೋಡುತ್ತಾರೆಯೇ ಹೊರತು, ಹಳಿಯನ್ನು ಈ ದಾರಿಯಲ್ಲೇ ಏಕೆ ಹಾಕಿದರು ಎಂದು ಯಾರೂ ಕೇಳುವುದಿಲ್ಲ.

ಹಳಿ ಹಾಕಿದವರು ಮಾತ್ರ ಪ್ರತಿ ಹೆಜ್ಜೆಯಲ್ಲೂ ಜಗಳವಾಡಿಯೇ ಮುಂದೆ ಹೋಗಿದ್ದಾರೆ. ಅದಕ್ಕೆ ಮೊದಲ ಕಾರಣ ಸರಳವಾದ ಲೆಕ್ಕಾಚಾರ. ಒಂದು ಸೆಮಿಸ್ಟರಿನಲ್ಲಿ ಪಾಠಕ್ಕೆ ದೊರೆಯುವುದು ಸುಮಾರು 15 ವಾರ. ವಾರಕ್ಕೆ 4 ಗಂಟೆಯಂತೆ ಹಿಡಿದರೆ ಒಂದು ಪತ್ರಿಕೆಗೆ 60 ಗಂಟೆ. ಜಾರ್ಜ್ ಎಲಿಯಟ್ ಬರೆದ 'ಮಿಡ್ಲ್‌ಮಾರ್ಚ್'ನಂತಹ ಎಂಟುನೂರು ಪುಟಗಳ ಕಾದಂಬರಿಯನ್ನು ನಿಧಾನವಾಗಿ ಓದಿಸಲು ಹೊರಟರೆ ಅದರಲ್ಲಿ ದೊಡ್ಡ ಪಾಲು ಅದೊಂದಕ್ಕೇ ಹೋಗುತ್ತದೆ. ಐದಾರು ಕೃತಿಗಳಿಗಿಂತ ಹೆಚ್ಚನ್ನು ಆ ಅರವತ್ತು ಗಂಟೆಗಳಲ್ಲಿ ನಿಜವಾಗಿ ಓದಿಸುವುದು ಕಷ್ಟ. ಒಂದು ಕೃತಿ ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಲೇಬೇಕು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಆಯ್ಕೆಯನ್ನು ಮಾಡುವುದು ಅಧ್ಯಯನ ಮಂಡಳಿ. ಅದು ಸಿದ್ಧಪಡಿಸಿದ ಪಟ್ಟಿಗೆ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಬೇಕು. ಸಭೆಯ ನಡಾವಳಿಯಲ್ಲಿ ದಾಖಲಾಗುವುದು ಕೃತಿಗಳ ಹೆಸರು ಮಾತ್ರ. ಅವುಗಳನ್ನೇ ಏಕೆ ಆರಿಸಲಾಯಿತು ಎಂಬ ಮಾತು ವಿದ್ಯಾರ್ಥಿಯವರೆಗೆ ತಲುಪುವುದು ಅಪರೂಪ. ಅದನ್ನು ತಿಳಿಯಬೇಕಾದರೆ ಈ ವಿಷಯ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ತಿರುವು ಪಡೆಯಿತು ಎಂಬುದನ್ನು ನೋಡಬೇಕು.

ವಸಾಹತಿನಲ್ಲಿ ಮೊದಲು

ಇಂಗ್ಲಿಷ್ ಸಾಹಿತ್ಯ ಇಂಗ್ಲೆಂಡಿನ ಹಳೆಯ ವಿದ್ಯಾಪೀಠಗಳಲ್ಲಿ ತಲೆತಲಾಂತರದಿಂದ ನಡೆದುಬಂದ ವಿದ್ಯೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಬೇರೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಸಾಹಿತ್ಯವೆಂದರೆ ಗ್ರೀಕ್ ಮತ್ತು ಲ್ಯಾಟಿನ್. ಇಂಗ್ಲಿಷ್ ಕಾವ್ಯವನ್ನು ಮನೆಯಲ್ಲಿ ಓದಿಕೊಂಡರಾಯಿತು, ಅದಕ್ಕೆ ಪರೀಕ್ಷೆ ಏಕೆ ಎಂಬುದು ಅಲ್ಲಿನ ಧೋರಣೆಯಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1828ರಲ್ಲಿ ಇಂಗ್ಲಿಷಿಗೆ ಒಬ್ಬ ಪ್ರಾಧ್ಯಾಪಕರು ನೇಮಕಗೊಂಡದ್ದು ಹೊಸ ಕಾಲದ ಸೂಚನೆ ಅಷ್ಟೆ.

ಆದರೆ ಕಲ್ಕತ್ತೆಯಲ್ಲಿ 1817ರಲ್ಲೇ ಹಿಂದೂ ಕಾಲೇಜು ಆರಂಭವಾಗಿ, ಬಂಗಾಳಿ ಯುವಕರು ಇಂಗ್ಲಿಷ್ ಕವಿಗಳನ್ನು ಪಾಠವಾಗಿ ಓದತೊಡಗಿದ್ದರು. 1835ರ ಫೆಬ್ರುವರಿಯಲ್ಲಿ ಮೆಕಾಲೆಯ ಟಿಪ್ಪಣಿ, ಮಾರ್ಚ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್‌ನ ನಿರ್ಣಯ ಹೊರಬಿದ್ದು, ಸರ್ಕಾರದ ಶಿಕ್ಷಣದ ಹಣ ಇಂಗ್ಲಿಷ್ ವಿದ್ಯೆಯ ಕಡೆಗೆ ಹರಿಯಿತು. 1844ರಲ್ಲಿ ಹಾರ್ಡಿಂಜ್ ಹೊರಡಿಸಿದ ನಿರ್ಣಯ ಇಂಗ್ಲಿಷ್ ಓದಿದವರಿಗೆ ಸರ್ಕಾರಿ ನೌಕರಿಯಲ್ಲಿ ಆದ್ಯತೆ ನೀಡಿತು. ಕಾವ್ಯದ ಓದು ಹೊಟ್ಟೆಪಾಡಿನೊಂದಿಗೆ ಬೆಸೆದುಕೊಂಡಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಆ ವೇಳೆಗೆ ಆಕ್ಸ್‌ಫರ್ಡ್‌ನಲ್ಲಾಗಲಿ ಕೇಂಬ್ರಿಜ್‌ನಲ್ಲಾಗಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪದವಿಯೇ ಇರಲಿಲ್ಲ.

ಈ ವಿಚಿತ್ರವನ್ನು ವಿವರವಾಗಿ ಬೆಳಕಿಗೆ ತಂದವರು ಗೌರಿ ವಿಶ್ವನಾಥನ್. 1989ರಲ್ಲಿ ಬಂದ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಎಂಬ ಗ್ರಂಥದಲ್ಲಿ ಅವರು, ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕಾಗಿದ್ದ ಕಂಪೆನಿ ಸರ್ಕಾರಕ್ಕೆ ಬೈಬಲ್ ಬೋಧಿಸುವ ಸ್ವಾತಂತ್ರ್ಯವಿಲ್ಲದ್ದರಿಂದ, ನೀತಿಬೋಧನೆಯ ಆ ಕೆಲಸವನ್ನು ಇಂಗ್ಲಿಷ್ ಸಾಹಿತ್ಯಕ್ಕೆ ವಹಿಸಲಾಯಿತು ಎಂದು ವಾದಿಸಿದರು. ಈ ವಾದವನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೂ ಪಠ್ಯಪಟ್ಟಿಯೆಂಬುದು ಕೇವಲ ಒಳ್ಳೆಯ ಪುಸ್ತಕಗಳ ಯಾದಿ ಎಂದು ಆ ಗ್ರಂಥದ ನಂತರ ಹೇಳುವುದು ಕಷ್ಟವಾಯಿತು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ದಾರಿಗಳು

ಆಕ್ಸ್‌ಫರ್ಡ್ ಕೊನೆಗೂ ಬಾಗಿಲು ತೆರೆದದ್ದು 1894ರಲ್ಲಿ. ಅದಕ್ಕೆ ಮೊದಲು ಘನ ವಿರೋಧವಿತ್ತು. ಸಾಹಿತ್ಯದ ಅಭಿರುಚಿಯನ್ನು ಪರೀಕ್ಷೆಯಲ್ಲಿ ಅಳೆಯಲಾಗದು, ಕವಿಗಳ ಬಗ್ಗೆ ಹರಟೆ ಹೊಡೆಯುವುದಕ್ಕೆ ಪದವಿ ಕೊಡಬಾರದು ಎಂಬ ಧಾಟಿಯಲ್ಲಿ ವಾದಿಸಿದವರಲ್ಲಿ ಇತಿಹಾಸದ ಪ್ರಾಧ್ಯಾಪಕ ಇ.ಎ. ಫ್ರೀಮನ್ ಪ್ರಮುಖರು. ಕಠಿಣ ವಿದ್ಯೆ ಎನಿಸಿಕೊಳ್ಳುವ ಸಲುವಾಗಿ ಹೊಸ ವಿಭಾಗ ಭಾಷಾಶಾಸ್ತ್ರದ ಆಸರೆ ಪಡೆಯಿತು. ಹಳೆಯ ಇಂಗ್ಲಿಷ್, ನಡುಗಾಲದ ಇಂಗ್ಲಿಷ್, ಧ್ವನಿ ಬದಲಾವಣೆಯ ನಿಯಮಗಳು ದಶಕಗಳ ಕಾಲ ಕಡ್ಡಾಯವಾದವು. 1930ರ ದಶಕದಲ್ಲಿ ಜೆ.ಆರ್.ಆರ್. ಟಾಲ್ಕಿನ್ ಮತ್ತು ಸಿ.ಎಸ್. ಲೂಯಿಸ್ ಬೆಂಬಲಿಸಿದ ಪಠ್ಯಕ್ರಮದಲ್ಲಿ ಕಡ್ಡಾಯದ ಓದು 1830ಕ್ಕೆ ನಿಂತುಬಿಡುತ್ತಿತ್ತು. ಡಿಕನ್ಸ್, ಟೆನಿಸನ್ ಮುಂತಾದವರನ್ನು ಬೇಕಾದವರು ಓದಿಕೊಳ್ಳಬಹುದಿತ್ತು. ನಂತರದ ಸಾಹಿತ್ಯಕ್ಕೆ ಗುರುವಿನ ನೆರವೇನೂ ಬೇಕಿಲ್ಲ, ತಾವಾಗಿ ಓದಲಾಗದ ಹಳೆಯದನ್ನು ಕಲಿಸುವುದೇ ವಿಶ್ವವಿದ್ಯಾಲಯದ ಕೆಲಸ ಎಂಬುದು ಅದರ ಹಿಂದಿನ ತರ್ಕ.

ಕೇಂಬ್ರಿಜ್ ಇದಕ್ಕೆ ವಿರುದ್ಧ ದಿಕ್ಕನ್ನು ಹಿಡಿಯಿತು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಅಲ್ಲಿ ರೂಪುಗೊಂಡ ಇಂಗ್ಲಿಷ್ ಪರೀಕ್ಷಾಕ್ರಮದಲ್ಲಿ ಹಳೆಯ ಭಾಷೆಯ ಕಡ್ಡಾಯವನ್ನು ಸಡಿಲಿಸಲಾಯಿತು. ಅಲ್ಲಿನ ಐ.ಎ. ರಿಚರ್ಡ್ಸ್ 1920ರ ದಶಕದಲ್ಲಿ ಒಂದು ಪ್ರಯೋಗ ನಡೆಸಿದರು. ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ಪದ್ಯಗಳನ್ನು ಹಂಚಿ, ಅಭಿಪ್ರಾಯ ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿದರು. ಹೆಸರಿನ ಆಸರೆ ತಪ್ಪಿದ್ದೇ ತಡ, ಓದಿದವರೆನಿಸಿಕೊಂಡವರೂ ದೊಡ್ಡ ಕವಿಗಳ ರಚನೆಗಳನ್ನು ಕಳಪೆಯೆಂದು ತಳ್ಳಿಹಾಕಿ, ಸಾಧಾರಣ ಪದ್ಯಗಳನ್ನು ಹೊಗಳಿದರು. ಈ ಫಲಿತಾಂಶ 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಎಂಬ ಪುಸ್ತಕವಾಯಿತು. ಗುರುತಿಲ್ಲದ ಪದ್ಯವನ್ನು ಕೊಟ್ಟು ವಿವರಿಸಲು ಹೇಳುವ ಪ್ರಶ್ನೆ ಇಂದಿಗೂ ಭಾರತದ ಅನೇಕ ಪರೀಕ್ಷೆಗಳಲ್ಲಿ ಇರುವುದು ಆ ಪ್ರಯೋಗದ ಫಲ.

ರಿಚರ್ಡ್ಸ್ ಓದುವ ರೀತಿಯನ್ನು ಬದಲಿಸಿದರೆ, ಎಫ್.ಆರ್. ಲೀವಿಸ್ ಓದಬೇಕಾದವರ ಪಟ್ಟಿಯನ್ನೇ ಬಿಗಿಗೊಳಿಸಿದರು. 1948ರ 'ದಿ ಗ್ರೇಟ್ ಟ್ರೆಡಿಷನ್'ನಲ್ಲಿ ಅವರು ಇಂಗ್ಲಿಷ್ ಕಾದಂಬರಿಯ ಮಹಾಪರಂಪರೆಗೆ ಮುಖ್ಯವಾಗಿ ಸೇರಿಸಿದ್ದು ಜೇನ್ ಆಸ್ಟಿನ್, ಜಾರ್ಜ್ ಎಲಿಯಟ್, ಹೆನ್ರಿ ಜೇಮ್ಸ್ ಮತ್ತು ಜೋಸೆಫ್ ಕಾನ್ರಾಡ್‌ರನ್ನು. 'ಹಾರ್ಡ್ ಟೈಮ್ಸ್' ಒಂದನ್ನು ಬಿಟ್ಟರೆ ಡಿಕನ್ಸ್‌ಗೂ ಅಲ್ಲಿ ಜಾಗ ದೊರೆಯಲಿಲ್ಲ. 1970ರಲ್ಲಿ ಅದೇ ಲೀವಿಸ್ ಪತ್ನಿಯೊಂದಿಗೆ ಡಿಕನ್ಸ್‌ನ ಬಗ್ಗೆ ಇಡೀ ಪುಸ್ತಕ ಬರೆದು ಅವನನ್ನು ದೊಡ್ಡ ಕಾದಂಬರಿಕಾರನೆಂದು ಒಪ್ಪಿಕೊಂಡರು. ಇನ್ನೊಂದು ಸಂಗತಿಯೂ ಗಮನಾರ್ಹ. ಇಂಗ್ಲಿಷ್ ಪರಂಪರೆಯ ಈ ನಾಲ್ವರಲ್ಲಿ ಜೇಮ್ಸ್ ಹುಟ್ಟಿದ್ದು ಅಮೆರಿಕದಲ್ಲಿ. ಕಾನ್ರಾಡ್ ಪೋಲಿಷ್ ಮನೆಮಾತಿನವನು. ಶಾಶ್ವತವೆಂದು ಘೋಷಿತವಾದ ಪಟ್ಟಿಗಳೂ ಇಪ್ಪತ್ತು ವರ್ಷಗಳಲ್ಲಿ ಬದಲಾಗುತ್ತವೆ; ಅವುಗಳ ಗಡಿ ದೇಶದ ಗಡಿಯೂ ಅಲ್ಲ.

ನೈರೋಬಿಯ ಪತ್ರ

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಜಗಳ ಎಷ್ಟೇ ಜೋರಾಗಿದ್ದರೂ ಒಂದು ಮಾತಿನಲ್ಲಿ ಎರಡೂ ಕಡೆಯವರಿಗೆ ಒಮ್ಮತವಿತ್ತು: ನಡುವೆ ಇರಬೇಕಾದದ್ದು ಇಂಗ್ಲೆಂಡ್. ಆ ಒಮ್ಮತಕ್ಕೇ ಪ್ರಶ್ನೆ ಬಂದದ್ದು ಪೂರ್ವ ಆಫ್ರಿಕದಿಂದ.

1968ರ ಸೆಪ್ಟೆಂಬರ್‌ನಲ್ಲಿ ನೈರೋಬಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಹಂಗಾಮಿ ಮುಖ್ಯಸ್ಥರು ಕಲಾ ನಿಕಾಯದ ಮುಂದೆ ಕೆಲವು ಸಲಹೆಗಳನ್ನಿಟ್ಟರು. ಇಂಗ್ಲಿಷ್ ವಿಭಾಗವನ್ನು ಹಾಗೆಯೇ ಉಳಿಸಿಕೊಂಡು, ಅದರ ಜೊತೆಗೆ ಇತರ ಭಾಷೆಗಳ ಅಧ್ಯಯನವನ್ನು ಹೇಗೆ ಬೆಳೆಸಬಹುದು ಎಂಬುದು ಅವುಗಳ ಸಾರ. ಅಕ್ಟೋಬರ್ 24ರಂದು ಅದಕ್ಕೆ ಮೂವರು ಉತ್ತರ ಬರೆದರು. ಒಬ್ಬರು ಕಾದಂಬರಿಕಾರ ಗೂಗಿ ವಾ ಥಿಯಾಂಗೊ, ಇನ್ನಿಬ್ಬರು ಹೆನ್ರಿ ಒವೂರ್ ಅನ್ಯುಂಬಾ ಮತ್ತು ತಬಾನ್ ಲೊ ಲಿಯಾಂಗ್. ಇಂಗ್ಲಿಷ್ ವಿಭಾಗವನ್ನೇ ರದ್ದುಪಡಿಸಬೇಕು ಎಂಬುದು ಅವರ ಪತ್ರದ ಶೀರ್ಷಿಕೆ.

ಗೂಗಿ ಅವರು ಕಂಪಾಲಾದ ಮಕೆರೆರೆ ಕಾಲೇಜಿನಲ್ಲಿ ಲಂಡನ್ನಿನ ಮಾದರಿಯ ಪಾಠಕ್ರಮದಲ್ಲೇ ಓದಿ ಬಂದವರು. ಅಲ್ಲಿ ವಿಶೇಷ ಅಧ್ಯಯನಕ್ಕೆ ಅವರು ಆರಿಸಿಕೊಂಡದ್ದು ಕಾನ್ರಾಡ್‌ನನ್ನು. ಆದ್ದರಿಂದ ಅವರ ಆಕ್ಷೇಪ ಓದದವರ ಸಿಟ್ಟಾಗಿರಲಿಲ್ಲ. ಶೀರ್ಷಿಕೆ ಬೆಂಕಿಯಂತಿದ್ದರೂ ಪತ್ರದ ಒಳಗಿನ ವಾದ ತಣ್ಣಗಿನದು. ಇಂಗ್ಲಿಷ್ ಪರಂಪರೆಯೇ ಕೆನ್ಯದ ಪ್ರಜ್ಞೆಗೂ ತಾಯಿಬೇರು ಎಂದು ಗೃಹೀತ ಹಿಡಿದು ಪಠ್ಯಕ್ರಮ ಕಟ್ಟಿದರೆ, ಆಫ್ರಿಕ ತನ್ನ ಮನೆಯಲ್ಲೇ ಇನ್ನೊಬ್ಬರ ಮನೆಯ ಚಾವಡಿಯಾಗಿಬಿಡುತ್ತದೆ ಎಂಬುದು ಅವರ ವಾದದ ತಿರುಳು. ಒಂದು ಸಂಸ್ಕೃತಿ ಕಾಲದಿಂದ ಕಾಲಕ್ಕೆ ಬೆಳೆದುಬಂದ ಬಗೆಯನ್ನು ವಿದ್ಯಾರ್ಥಿಗಳು ಅರಿಯಬೇಕು ಎನ್ನುವುದಾದರೆ, ಅದು ಆಫ್ರಿಕದ ಸಂಸ್ಕೃತಿಯೇ ಆಗಬಹುದಲ್ಲ ಎಂದು ಅವರು ಕೇಳಿದರು.

ಪಾಶ್ಚಾತ್ಯ ಸಾಹಿತ್ಯವನ್ನು ಹೊರಗೆಸೆಯಬೇಕೆಂದು ಅವರು ಹೇಳಲಿಲ್ಲ. ಅವರು ಸೂಚಿಸಿದ್ದು ಸ್ಥಾನಪಲ್ಲಟ. ಮೊದಲು ಪೂರ್ವ ಆಫ್ರಿಕದ ಸಾಹಿತ್ಯ, ಮುಖ್ಯವಾಗಿ ಜನರ ಬಾಯಲ್ಲಿ ಉಳಿದುಬಂದ ಕಥೆ, ಹಾಡು, ಗಾದೆ, ಒಗಟು. ಅಲ್ಲಿಂದ ಇಡೀ ಆಫ್ರಿಕ. ಅಲ್ಲಿಂದ ಕೆರಿಬಿಯನ್ ದ್ವೀಪಗಳ ಮತ್ತು ಅಮೆರಿಕದ ಕಪ್ಪು ಜನರ ಬರಹ. ಆಮೇಲೆ ಯೂರೋಪು ಮತ್ತು ಉಳಿದ ಜಗತ್ತು. ಭಾಷೆಗಳಲ್ಲಿ ಇಂಗ್ಲಿಷಿನ ಜೊತೆ ಸ್ವಾಹಿಲಿ ಮತ್ತು ಫ್ರೆಂಚ್. ಹತ್ತಿರದಿಂದ ದೂರಕ್ಕೆ ಹೋಗುವ ಕ್ರಮ ಇದು.

ಓದಿಸಲು ಪುಸ್ತಕಗಳೆಲ್ಲಿವೆ ಎಂದು ಆಗ ಕೇಳುವಂತಿರಲಿಲ್ಲ. ಲಂಡನ್ನಿನ ಹೈನೆಮನ್ ಪ್ರಕಾಶನ 1962ರಲ್ಲಿ ಆರಂಭಿಸಿದ ಆಫ್ರಿಕನ್ ಲೇಖಕರ ಮಾಲೆ ಆ ವೇಳೆಗೆ ಚೆನ್ನಾಗಿ ಬೆಳೆದಿತ್ತು. ಅದರ ಮೊದಲ ಪುಸ್ತಕ, ಚಿನುವಾ ಅಚೆಬೆ ಅವರ 1958ರ 'ಥಿಂಗ್ಸ್ ಫಾಲ್ ಅಪಾರ್ಟ್', ಪಾಠಕ್ಕೆ ಕೈಗೆಟಕುವ ಬೆಲೆಯಲ್ಲಿ ಸಿಗುತ್ತಿತ್ತು. ಚರ್ಚೆಗಳ ನಂತರ ನೈರೋಬಿಯಲ್ಲಿ ಇಂಗ್ಲಿಷ್ ವಿಭಾಗದ ಬದಲು ಸಾಹಿತ್ಯ ವಿಭಾಗ ಬಂತು. 1973ರಲ್ಲಿ ಗೂಗಿ ಅವರೇ ಅದರ ಮುಖ್ಯಸ್ಥರಾದರು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆಫ್ರಿಕದವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಇಂಗ್ಲಿಷಿನಲ್ಲೇ ಓದಿದರೆ ನಡು ನಿಜವಾಗಿ ಬದಲಾಯಿತೇ ಎಂಬ ಪ್ರಶ್ನೆ ಉಳಿದಿತ್ತು. ಗೂಗಿ ಅವರು ತಮ್ಮ ತಾಯಿನುಡಿ ಗಿಕುಯುವಿನಲ್ಲಿ ಹಳ್ಳಿಗರೊಂದಿಗೆ ನಾಟಕವಾಡಿಸಿದರು. ಆ ನಾಟಕಕ್ಕಾಗಿ 1977ರ ಕೊನೆಯಲ್ಲಿ ವಿಚಾರಣೆಯಿಲ್ಲದೆ ಸೆರೆಗೆ ಹೋದರು. ಬಿಡುಗಡೆಯಾದ ಮೇಲೂ ವಿಶ್ವವಿದ್ಯಾಲಯದ ಹುದ್ದೆ ಅವರಿಗೆ ಮರಳಿ ದೊರೆಯಲಿಲ್ಲ. ಇಂಗ್ಲಿಷನ್ನು ಬಳಸಿಕೊಂಡು ನಮ್ಮದಾಗಿಸಿಕೊಳ್ಳಬಹುದು ಎಂಬ ಅಚೆಬೆ ಅವರ ನಿಲುವನ್ನು ಗೂಗಿ ಕೊನೆಯವರೆಗೂ ಒಪ್ಪಲಿಲ್ಲ. 2025ರಲ್ಲಿ ಅವರು ಅಮೆರಿಕದಲ್ಲಿ ತೀರಿಕೊಂಡಾಗ ಜಗತ್ತಿನ ಅನೇಕ ಇಂಗ್ಲಿಷ್ ವಿಭಾಗಗಳು ಅವರನ್ನು ನೆನೆದವು. ರದ್ದಾಗಬೇಕೆಂದು ಯಾವುದನ್ನು ಅವರು ಹೇಳಿದ್ದರೋ ಅಲ್ಲಿಯೇ ಅವರ ಕೃತಿಗಳು ಪಠ್ಯವಾಗಿದ್ದವು.

ಮೈಸೂರಿನ ಅನುಭವ

ನೈರೋಬಿಯ ಪ್ರಶ್ನೆ ಕರ್ನಾಟಕಕ್ಕೂ ಹೊಸದಲ್ಲ. ಇಲ್ಲಿ ಅದು ಪತ್ರದ ರೂಪದಲ್ಲಿ ಬರದೆ ಬೇರೆ ಬಗೆಯಲ್ಲಿ ಬಂತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲೇ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ್ದರು. ತಾವು ಓದಿ ಮೆಚ್ಚಿದ ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ಪಠ್ಯಪಟ್ಟಿಯನ್ನು ಬದಲಿಸುವ ಬದಲು, ಪಠ್ಯದಲ್ಲಿದ್ದಂತಹುದನ್ನು ಮನೆಗೆ ತಂದು ಕನ್ನಡಕ್ಕೆ ಹೊಸ ಛಂದಸ್ಸನ್ನೂ ಭಾವವನ್ನೂ ಕೊಟ್ಟರು.

ಮುಂದೆಯೂ ಹಾಗೆಯೇ ನಡೆಯಿತು. ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ ಇವರೆಲ್ಲ ಇಂಗ್ಲಿಷ್ ಅಧ್ಯಾಪಕರು, ಕನ್ನಡ ಬರಹಗಾರರು. ಇಂಗ್ಲಿಷ್ ವಿಭಾಗದ ಓದಿನ ದೊಡ್ಡ ಫಲ ಕನ್ನಡದಲ್ಲಿ ಕಾಣಿಸಿಕೊಂಡಿತು. ಆದರೆ ಆ ಇಬ್ಬಗೆಯ ಬದುಕಿಗೆ ಪಾಠಪಟ್ಟಿಯಲ್ಲಿ ಬಹುಕಾಲ ಜಾಗವಿರಲಿಲ್ಲ. ಬೇಸರಪಟ್ಟವರೂ ಇದ್ದರು. ಅದೇ ಮಹಾರಾಜ ಕಾಲೇಜಿನ ಪದವೀಧರ ಆರ್.ಕೆ. ನಾರಾಯಣ್ ಅವರ 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯ ನಾಯಕ ಕೊನೆಗೆ ಇಂಗ್ಲಿಷ್ ಸಾಹಿತ್ಯ ಕಲಿಸುವ ನೌಕರಿಯನ್ನು ಬಿಟ್ಟು ಮಕ್ಕಳ ಶಾಲೆಯತ್ತ ಹೋಗುತ್ತಾನೆ.

ಪಟ್ಟಿಯನ್ನೇ ತಿದ್ದಲು ಹೊರಟವರು ಸಿ.ಡಿ. ನರಸಿಂಹಯ್ಯನವರು. ಕೇಂಬ್ರಿಜ್‌ನಲ್ಲಿ ಲೀವಿಸ್‌ರ ಬಳಿ ಓದಿ ಬಂದ ಅವರು 1952ರಲ್ಲಿ 'ದಿ ಲಿಟರರಿ ಕ್ರೈಟೀರಿಯನ್' ಪತ್ರಿಕೆ ಆರಂಭಿಸಿದರು. ಮೈಸೂರಿನ ತರಗತಿಗಳಿಗೆ ಅಮೆರಿಕದ ಸಾಹಿತ್ಯ, ಕಾಮನ್‌ವೆಲ್ತ್ ದೇಶಗಳ ಸಾಹಿತ್ಯ, ಭಾರತೀಯರ ಇಂಗ್ಲಿಷ್ ಬರಹ, ಸಂಸ್ಕೃತ ಕಾವ್ಯಮೀಮಾಂಸೆ ಇವುಗಳನ್ನು ತರಲು ಶ್ರಮಿಸಿದರು. ಲೀವಿಸ್‌ರಿಂದ ಕಲಿತ ಕಟ್ಟುನಿಟ್ಟಿನ ಓದನ್ನು ಉಳಿಸಿಕೊಂಡು ಪಟ್ಟಿಯನ್ನು ಮಾತ್ರ ಅಗಲಿಸಿದರು. 1979ರಲ್ಲಿ ಅವರು ಮೈಸೂರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ 'ಧ್ವನ್ಯಾಲೋಕ' ಎಂದು ಆನಂದವರ್ಧನನ ಗ್ರಂಥದ ಹೆಸರನ್ನೇ ಇಟ್ಟದ್ದು ಅರ್ಥಪೂರ್ಣ.

ಸೇರಿಸುವುದು, ಜೋಡಿಸುವುದು

ಇಂದು ಯಾವ ವಿಶ್ವವಿದ್ಯಾಲಯದ ಪುಸ್ತಿಕೆ ತೆರೆದರೂ ಆಫ್ರಿಕ, ಕೆರಿಬಿಯನ್, ದಲಿತ ಬರಹ, ಮಹಿಳಾ ಬರಹ, ಅನುವಾದಿತ ಭಾರತೀಯ ಸಾಹಿತ್ಯ ಇವುಗಳಲ್ಲಿ ಹಲವು ಕಾಣಸಿಗುತ್ತವೆ. ಅಷ್ಟರಿಂದ ಸಮಸ್ಯೆ ಬಗೆಹರಿಯಿತೆಂದು ಭಾವಿಸಬೇಕಿಲ್ಲ. ಅಮೆರಿಕದ ಜೆರಾಲ್ಡ್ ಗ್ರಾಫ್ 1987ರಲ್ಲಿ ಬರೆದ 'ಪ್ರೊಫೆಸಿಂಗ್ ಲಿಟರೇಚರ್'ನಲ್ಲಿ ಇದರ ಒಳಗುಟ್ಟನ್ನು ವಿವರಿಸಿದ್ದಾರೆ. ವಿಭಾಗವನ್ನು ಕಾಲಘಟ್ಟಗಳಾಗಿ, ಕ್ಷೇತ್ರಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ತಜ್ಞರನ್ನು ನೇಮಿಸಿದರೆ, ಹೊಸ ಬೇಡಿಕೆ ಬಂದಾಗಲೆಲ್ಲ ಇನ್ನೊಂದು ಕೋಣೆ ಕಟ್ಟಿದರೆ ಸಾಕಾಗುತ್ತದೆ. ಹಳಬರು ಹೊಸಬರೊಂದಿಗೆ ವಾದಿಸುವ ಪ್ರಸಂಗವೇ ಬರುವುದಿಲ್ಲ. ವಿದ್ಯಾರ್ಥಿ ಮಾತ್ರ ಒಂದು ಗಂಟೆ ಒಂದು ಕೋಣೆಯಲ್ಲಿ, ಮುಂದಿನ ಗಂಟೆ ಇನ್ನೊಂದರಲ್ಲಿ ಕುಳಿತು, ಅವುಗಳ ಸಂಬಂಧವೇನೆಂದು ತಿಳಿಯದೆ ಹೊರಬರುತ್ತಾನೆ. ಅಧ್ಯಾಪಕರ ಭಿನ್ನಾಭಿಪ್ರಾಯಗಳನ್ನೇ ಪಾಠದ ವಸ್ತುವಾಗಿಸಬೇಕು ಎಂಬುದು ಗ್ರಾಫ್ ಅವರ ಸಲಹೆ.

ಕಾರಣಗಳನ್ನು ಬಹಿರಂಗವಾಗಿ ಹೇಳದ ಪಟ್ಟಿಗೆ ಇನ್ನೊಂದು ಅಪಾಯವೂ ಇದೆ. ಹೊರಗಿನ ಒತ್ತಡ ಬಂದಾಗ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಗುತ್ತದೆ. 2010ರಲ್ಲಿ ಮುಂಬೈ ವಿಶ್ವವಿದ್ಯಾಲಯ ಪ್ರತಿಭಟನೆಯ ನಂತರ ರೋಹಿಂಟನ್ ಮಿಸ್ತ್ರಿ ಅವರ 'ಸಚ್ ಎ ಲಾಂಗ್ ಜರ್ನಿ' ಕಾದಂಬರಿಯನ್ನು ಬಿ.ಎ. ಪಠ್ಯದಿಂದ ಕೈಬಿಟ್ಟಿತು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಆನರ್ಸ್ ಪಠ್ಯದಿಂದ ಮಹಾಶ್ವೇತಾ ದೇವಿ ಅವರ 'ದ್ರೌಪದಿ' ಕಥೆಯನ್ನೂ, ತಮಿಳಿನ ಬಾಮಾ ಮತ್ತು ಸುಕೀರ್ತರಾಣಿ ಅವರ ಬರಹಗಳನ್ನೂ ತೆಗೆಯಲಾಯಿತು. ಅಧ್ಯಾಪಕರು ಆಕ್ಷೇಪಿಸಿದರೂ ನಿರ್ಧಾರ ಬದಲಾಗಲಿಲ್ಲ.

ಹಾಗಾದರೆ ಪಾಠಕ್ರಮವನ್ನು ಯೋಜಿಸುವುದು ಹೇಗೆ? ಒಂದು ದಾರಿ, ಕೃತಿಗಳನ್ನು ಒಂಟಿಯಾಗಿ ಪೋಣಿಸದೆ ಒಂದರೊಂದಿಗೆ ಒಂದು ಮಾತನಾಡುವಂತೆ ಜೋಡಿಸುವುದು. ಷೇಕ್ಸ್‌ಪಿಯರ್‌ನ 'ದಿ ಟೆಂಪೆಸ್ಟ್' ಅನ್ನು ಕುವೆಂಪು 1930ರಲ್ಲಿ 'ಬಿರುಗಾಳಿ'ಯಾಗಿ ಕನ್ನಡಕ್ಕೆ ತಂದರು. ಮಾರ್ಟಿನಿಕ್ ದ್ವೀಪದ ಕವಿ ಎಮೆ ಸೆಜೇರ್ 1969ರಲ್ಲಿ ಅದೇ ನಾಟಕವನ್ನು ಗುಲಾಮನ ಕಣ್ಣಿನಿಂದ ಫ್ರೆಂಚಿನಲ್ಲಿ ಪುನಃ ಬರೆದರು. ಈ ಮೂರನ್ನು ಒಟ್ಟಿಗೆ ಓದಿದ ಮೈಸೂರಿನ ವಿದ್ಯಾರ್ಥಿಗೆ ಷೇಕ್ಸ್‌ಪಿಯರ್ ಎಲ್ಲಿಯವನು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅನಂತಮೂರ್ತಿಯವರ 'ಸಂಸ್ಕಾರ'ದ ಕಥೆಯೂ ಹೀಗೆಯೇ. ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಲು ಬರ್ಮಿಂಗ್‌ಹ್ಯಾಮ್‌ಗೆ ಹೋದವರು ಅಲ್ಲಿ ಕುಳಿತು ಕನ್ನಡದಲ್ಲಿ ಬರೆದ ಕಾದಂಬರಿ ಅದು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದ ಎ.ಕೆ. ರಾಮಾನುಜನ್ ಅದನ್ನು 1976ರಲ್ಲಿ ಇಂಗ್ಲಿಷಿಗೆ ತಂದರು. ಈಗ ದೇಶವಿದೇಶದ ಇಂಗ್ಲಿಷ್ ವಿಭಾಗಗಳು ಅದನ್ನು ಪಾಠ ಮಾಡುತ್ತವೆ. ಮೂಲವನ್ನೇ ಓದಬಲ್ಲ ಕನ್ನಡದ ವಿದ್ಯಾರ್ಥಿಗೆ ಅನುವಾದವನ್ನು ಪರೀಕ್ಷಿಸಿ ನೋಡುವ ಅನುಕೂಲವಿದೆ. ಆ ಅನುಕೂಲವನ್ನು ಬಳಸಿಕೊಳ್ಳದ ಪಾಠಕ್ರಮ ಕೈಯಲ್ಲಿರುವ ಸಂಪತ್ತನ್ನು ಬಿಟ್ಟುಕೊಟ್ಟಂತೆ.

ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಇದಾವುದೂ ಫಲಿಸುವುದಿಲ್ಲ. ಹೊಸ ಕೃತಿಯ ಬಗ್ಗೆ ಹಳೆಯ ಪ್ರಶ್ನೆ ಕೇಳಿದರೆ ಗೈಡು ಪುಸ್ತಕದ ಹಳೆಯ ಉತ್ತರವೇ ಬರುತ್ತದೆ. ಜೊತೆಗೆ ವಿಭಾಗಗಳು ಇನ್ನೊಂದು ಸಣ್ಣ ಕೆಲಸ ಮಾಡಬಹುದು. ಪುಸ್ತಿಕೆಯ ಆರಂಭದಲ್ಲಿ ಈ ಕೃತಿಗಳನ್ನು ಏಕೆ ಆರಿಸಿದೆವು, ಯಾವುದನ್ನು ಮನಸ್ಸಿಲ್ಲದೆ ಬಿಟ್ಟೆವು ಎಂದು ಎರಡು ಪುಟ ಬರೆಯಬಹುದು. ನೈರೋಬಿಯ ಮೂವರು ಅಧ್ಯಾಪಕರು ಮಾಡಿದ್ದು ಅದನ್ನೇ. ಅವರ ಪತ್ರವನ್ನು ಒಪ್ಪುವವರೂ ಒಪ್ಪದವರೂ ಅರ್ಧ ಶತಮಾನದ ನಂತರವೂ ಅದನ್ನು ಓದುತ್ತಿದ್ದಾರೆಂದರೆ, ಅದರಲ್ಲಿ ಪುಸ್ತಕಗಳ ಹೆಸರಿನ ಜೊತೆಗೆ ಕಾರಣಗಳೂ ಇದ್ದವು ಎಂಬುದೇ ಅದಕ್ಕೆ ಮುಖ್ಯ ಕಾರಣ. ಅಂತಹ ಎರಡು ಪುಟಗಳು ಕೈಗೆ ಸಿಕ್ಕರೆ, ಹೊಸದಾಗಿ ಸೇರಿದ ವಿದ್ಯಾರ್ಥಿಯೂ ಹಳಿ ಹೀಗೇ ಏಕೆ ಹೋಗಿದೆ ಎಂದು ಮೊದಲ ದಿನವೇ ಕೇಳಬಹುದು.